ಅಪ್ಪನ ಶುಗರ್, ನನ್ನ ಕುತ್ತಿಗೆ

ಚೆಕಪ್‌ಗೆ ವಾರ ಇದೆ ಎನ್ನುವಾಗ ನಮ್ಮಪ್ಪ ಸನ್ಯಾಸಿಯಾಗಿಬಿಡುತ್ತಾರೆ. ಸಿಹಿ ಬಂದ್, ವಾಕಿಂಗ್ ಶುರು. ಥೇಟ್ ನಾವು ಎಕ್ಸಾಂ ಹಿಂದಿನ ರಾತ್ರಿ ಓದಿದ ಹಾಗೆ!

ಈ ಸಲ ಒಪಿಡಿಗೆ ನಾನೂ ಹೋಗಿದ್ದೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂಡಿ ತಿಂದ ಎರಡು ಗಂಟೆಗೆ ಮತ್ತೊಮ್ಮೆ ರಕ್ತ ಕೊಟ್ಟು ಮಧ್ಯಾಹ್ನದವರೆಗೆ ಕಾದೆವು. ಫಾಸ್ಟಿಂಗ್ ಶುಗರ್ 118. ಅಪ್ಪ ಗೆದ್ದವರಂತೆ ನಕ್ಕರು. ಆದರೆ ಎಚ್‌ಬಿಎ1ಸಿ 8.9! ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆ ಎರಡು-ಮೂರು ತಿಂಗಳ ಲೆಕ್ಕವನ್ನೆಲ್ಲ ಹೇಳಿಬಿಡುತ್ತದೆ. ಒಂದು ವಾರದ ಸನ್ಯಾಸ ಅಲ್ಲಿ ನಡೆಯಲ್ಲ.

‘ಸಿಕ್ಕಿಬಿದ್ರಿ’ ಅಂತ ನಾನು ನಗುತ್ತಿದ್ದೆ. ಡಾಕ್ಟರ್ ನನ್ನನ್ನೇ ನೋಡಿ, ‘ಕುತ್ತಿಗೆ ಹಿಂದೆ ಈ ಕಪ್ಪು ಎಷ್ಟು ದಿನದಿಂದ ಇದೆ?’ ಎಂದರು. ರಜೆಗೆ ಹೋದಾಗಲೆಲ್ಲ ಅಮ್ಮ ಕೊಳೆ ಅಂತ ಕಡಲೆಹಿಟ್ಟು ಹಾಕಿ ಉಜ್ಜುತ್ತಿದ್ದದ್ದು ಅದನ್ನೇ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೂ ಹಾಗೆ ಕಪ್ಪಾಗುತ್ತದಂತೆ. ನನಗೂ ಟೆಸ್ಟ್ ಬರೆದರು.

6.1. 5.7ರಿಂದ 6.4ರೊಳಗಿದ್ದರೆ ಪ್ರಿಡಯಾಬಿಟಿಸ್. ಇಪ್ಪತ್ತನೇ ವಯಸ್ಸಿಗೇ! ಹಾಸ್ಟೆಲ್‌ನ ಮಧ್ಯರಾತ್ರಿ ಎಗ್‌ರೈಸ್, ದಿನಕ್ಕೊಂದು ಕೂಲ್‌ಡ್ರಿಂಕ್ ಎಲ್ಲ ಕಣ್ಮುಂದೆ ಬಂದವು. ಅಪ್ಪ ಬೈಯಲಿಲ್ಲ. ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ, ‘ಎರಡು ಕಾಫಿ, ಎರಡಕ್ಕೂ ಸಕ್ಕರೆ ಬೇಡ’ ಎಂದರು.