ಅಳದ ಕೂಸುಗಳು

ಹಾಲುಂಟು, ಹೊದಿಕೆಯುಂಟು, ತಲೆಯ ಮೇಲೆ ಸೂರುಂಟು. ಆದರೂ ಸರ್ಕಾರದ ಶಿಶುಗೃಹದಲ್ಲಿರುವ ಕೂಸು ಮನೆಯ ಕೂಸಿನಂತೆ ಬೆಳೆಯದಿರುವುದೇಕೆ? ಈ ಪ್ರಶ್ನೆಗೆ ಅಳತೆಗೋಲಿನ ಉತ್ತರ ದೊರೆತದ್ದು ರುಮೇನಿಯಾ ದೇಶದಲ್ಲಿ.

ಜನಸಂಖ್ಯೆ ಹೆಚ್ಚಿದರೆ ದೇಶದ ಬಲವೂ ಹೆಚ್ಚುವುದೆಂದು ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕುವಿನ ಲೆಕ್ಕಾಚಾರ. 1966ರಲ್ಲಿ ಅವನು ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿದನು. ಸಾಕಲಾರದ ಬಡವರು ತಮ್ಮ ಮಕ್ಕಳನ್ನು ಸರ್ಕಾರಕ್ಕೆ ಒಪ್ಪಿಸತೊಡಗಿದರು. 1989ರಲ್ಲಿ ಅವನ ಆಳ್ವಿಕೆ ಉರುಳಿದಾಗ ಲಕ್ಷಕ್ಕೂ ಮಿಕ್ಕ ಮಕ್ಕಳು ಈ ಸಂಸ್ಥೆಗಳಲ್ಲಿದ್ದರು. ಅವರಲ್ಲಿ ಬಹುಮಂದಿ ಅನಾಥರೇ ಅಲ್ಲ, ಹೆತ್ತವರು ಬದುಕಿದ್ದರು! ಒಬ್ಬ ದಾದಿಯ ಪಾಲಿಗೆ ಹತ್ತಾರು ಕೂಸುಗಳು. ಪಾಳಿ ಬದಲಾದಂತೆ ಮುಖವೂ ಬದಲಾಗುತ್ತಿತ್ತು. ಅತ್ತರೆ ಯಾರೂ ಬಾರರೆಂದು ಕಂಡುಕೊಂಡ ಕೂಸುಗಳು ಅಳುವುದನ್ನೇ ಬಿಟ್ಟಿದ್ದವು. ತೊಟ್ಟಿಲುಗಳು ತುಂಬಿದ್ದ ಕೊಠಡಿಗಳ ಆ ನಿಶ್ಶಬ್ದವೇ ನೋಡಹೋದವರನ್ನು ಬೆಚ್ಚಿಬೀಳಿಸಿತು.

ಅಮೆರಿಕದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ವಿಜ್ಞಾನಿಗಳು ಈ ಶತಮಾನದ ಮೊದಲಿನಲ್ಲಿ ರಾಜಧಾನಿ ಬುಕಾರೆಸ್ಟ್‌ನಲ್ಲಿ ಒಂದು ಪ್ರಯೋಗವನ್ನು ಕೈಕೊಂಡರು. 6ರಿಂದ 31 ತಿಂಗಳ ವಯಸ್ಸಿನ 136 ಮಕ್ಕಳನ್ನು ಆರಿಸಿ, ಚೀಟಿಯೆತ್ತಿದಂತೆ ಎರಡು ಪಾಲು ಮಾಡಿದರು. 68 ಮಕ್ಕಳು ತರಬೇತಿ ಪಡೆದ ಸಾಕುಮನೆಗಳಿಗೆ ಹೋದರು. ಉಳಿದವರು ಶಿಶುಗೃಹದಲ್ಲಿಯೇ ಉಳಿದರು. ಹೋಲಿಕೆಗೆಂದು ಹೆತ್ತವರ ಮಡಿಲಲ್ಲಿದ್ದ ಅದೇ ಊರಿನ ಮಕ್ಕಳನ್ನೂ ಪರೀಕ್ಷಿಸಿದರು.

ಮಗುವಿನ ಹಣೆಬರಹವನ್ನು ಚೀಟಿಗೆ ಒಪ್ಪಿಸುವುದು ನ್ಯಾಯವೇ? ವಾಚಕರು ಹೀಗೆ ಕೇಳಬಹುದು, ಕೇಳಲೂಬೇಕು. ಆಗ ಆ ನಗರದಲ್ಲಿ ಸಾಕುಮನೆಗಳು ಇಲ್ಲವೆನ್ನುವಷ್ಟು ವಿರಳ. ಪ್ರಯೋಗಕರ್ತರೇ ಅವನ್ನು ಏರ್ಪಡಿಸಬೇಕಾಯಿತು. ಉಳಿದ ಮಕ್ಕಳಿಗೆ ಮುಂದೆ ಬೇರೆ ಮನೆ ದೊರೆತರೆ ಯಾರೂ ಅಡ್ಡಿಪಡಿಸಕೂಡದೆಂಬ ನಿಯಮವೂ ಇತ್ತು. ಇಷ್ಟು ಸಮಾಧಾನವಿದ್ದರೂ ಆ ಪ್ರಶ್ನೆ ನಮ್ಮನ್ನು ಪೂರ್ತಿಯಾಗಿ ಬಿಡುವುದಿಲ್ಲ.

ಭೌತವಿಜ್ಞಾನವನ್ನು ಓದುವ ನಮಗೆ ಇಲ್ಲಿ ಕುತೂಹಲದ ವಿಷಯವೊಂದುಂಟು. ಮಿದುಳಿನ ಅಸಂಖ್ಯ ನರಕೋಶಗಳು ಒಟ್ಟುಗೂಡಿ ಮಿಡಿದಾಗ ನೆತ್ತಿಯ ಚರ್ಮದ ಮೇಲೆ ಅತಿ ಸಣ್ಣ ವಿದ್ಯುದ್ವಿಭವ ತೋರುತ್ತದೆ. ಅದು ಸುಮಾರು 50 ಮೈಕ್ರೋವೋಲ್ಟ್ ಇದ್ದರೆ, ಟಾರ್ಚಿನ ಒಂದು ಸೆಲ್ಲಿನ ವಿಭವದ 30,000ದಲ್ಲಿ ಒಂದು ಪಾಲು ಮಾತ್ರ. ಅದನ್ನು ವರ್ಧಿಸಿ ರೇಖೆಯಾಗಿ ಬರೆದು ನೋಡಿದಾಗ, ಶಿಶುಗೃಹದ ಮಕ್ಕಳಲ್ಲಿ ನಿಧಾನವಾದ ಅಲೆಗಳ ಪಾಲು ಹೆಚ್ಚಾಗಿಯೂ, ಆಲ್ಫಾ ಎಂಬ ಚುರುಕಾದ ಅಲೆಗಳ ಪಾಲು ಕಡಮೆಯಾಗಿಯೂ ಕಂಡಿತು. ಎಂಟನೆಯ ವಯಸ್ಸಿನಲ್ಲಿ ಮತ್ತೆ ಅಳೆದರು. ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರ ಅಲೆಗಳು ಹೆತ್ತವರ ಬಳಿಯ ಮಕ್ಕಳ ಅಲೆಗಳನ್ನೇ ಹೋಲುತ್ತಿದ್ದವು. ತಡವಾಗಿ ಸೇರಿದವರಲ್ಲಿ ಹಾಗಾಗಿರಲಿಲ್ಲ.

ನಾಲ್ಕೂವರೆ ವರ್ಷದ ಹೊತ್ತಿಗೆ ಬುದ್ಧಿಸೂಚ್ಯಂಕದ ಸರಾಸರಿ ಶಿಶುಗೃಹದ ಪಾಲಿನವರಲ್ಲಿ ಸುಮಾರು 73, ಸಾಕುಮನೆಯವರಲ್ಲಿ 81, ಹೆತ್ತವರ ಬಳಿ ಬೆಳೆದವರಲ್ಲಿ 109. ಸಾಕುಮನೆಯ ಮಕ್ಕಳಲ್ಲಿ ಅಂಜಿಕೆ, ಖಿನ್ನತೆಗಳು ತಗ್ಗಿದ್ದವು. ಚಂಚಲತೆ ಮಾತ್ರ ಅಷ್ಟಾಗಿ ತಗ್ಗಲಿಲ್ಲ.

ಎರಡು ವರ್ಷದೊಳಗಿನ ಮಕ್ಕಳನ್ನು ಇಂಥ ಸಂಸ್ಥೆಗಳಲ್ಲಿ ಇಡಕೂಡದೆಂಬ ಕಾನೂನು ರುಮೇನಿಯಾದಲ್ಲಿ 2005ರಿಂದ ಜಾರಿಗೆ ಬಂದಿತು. ವಯೋಮಿತಿಯನ್ನು ಮುಂದೆ ಇನ್ನೂ ಏರಿಸಿದರು. ಆದರೆ ತೀವ್ರ ಅಂಗವೈಕಲ್ಯವಿದ್ದ ಕೂಸುಗಳಿಗೆ ಆ ಕಾನೂನು ಮೊದಲು ಅನ್ವಯಿಸಲಿಲ್ಲ.