ನಡುರಾತ್ರಿಯ ಔಷಧಿ, ನಾಡಿದ್ದಿನ ವರದಿ

ರಕ್ತಕ್ಕೆ ನಂಜೇರಿ, ರಕ್ತದೊತ್ತಡ ಕುಸಿದು, ಉಸಿರಾಟಕ್ಕೂ ಯಂತ್ರದ ಆಸರೆ ಬೇಕಾದ ರೋಗಿಯೊಬ್ಬನನ್ನು ನಡುರಾತ್ರಿಯಲ್ಲಿ ತೀವ್ರನಿಗಾ ಘಟಕಕ್ಕೆ ತಂದಾಗ, ಅವನ ದೇಹವನ್ನು ಹೊಕ್ಕಿರುವ ಬ್ಯಾಕ್ಟೀರಿಯಾ ಯಾವುದು, ಅದು ಯಾವ ಮದ್ದಿಗೆ ಮಣಿಯುವುದು, ಯಾವುದನ್ನು ಧಿಕ್ಕರಿಸುವುದು ಎಂಬುದೊಂದನ್ನೂ ಅರಿಯದೆಯೇ ವೈದ್ಯನು ಆ್ಯಂಟಿಬಯೋಟಿಕ್ ಬರೆಯಬೇಕಾಗುತ್ತದೆ. ಕಾದು ನೋಡುವ ವ್ಯವಧಾನ ಅಲ್ಲಿಲ್ಲ. ಕೆನಡಾದ ಆನಂದ್ ಕುಮಾರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಪ್ಟಿಕ್ ಶಾಕ್‌ಗೆ ಒಳಗಾದವರಿಗೆ ರಕ್ತದೊತ್ತಡ ಕುಸಿದ ಮೊದಲ ಆರು ಗಂಟೆಗಳಲ್ಲಿ ತಕ್ಕ ಔಷಧಿ ತಡವಾದ ಒಂದೊಂದು ಗಂಟೆಗೂ ಬದುಕುಳಿಯುವವರ ಪ್ರಮಾಣ ಸರಾಸರಿ ಶೇ. 7.6ರಷ್ಟು ಇಳಿಯುತ್ತ ಹೋದುದು ಕಂಡುಬಂದಿತು. ಆದುದರಿಂದ ವೈದ್ಯನು ತನ್ನ ಅನುಭವವನ್ನೂ ಆ ಆಸ್ಪತ್ರೆಯಲ್ಲಿ ಹಿಂದೆ ಕಂಡ ರೋಗಾಣುಗಳ ಚರಿತ್ರೆಯನ್ನೂ ನೆಚ್ಚಿ, ಮೆರೊಪೆನೆಮ್‌ನಂತಹ ಪ್ರಬಲ ಔಷಧಿಯನ್ನು ಮೊದಲಿಗೇ ಪ್ರಯೋಗಿಸುತ್ತಾನೆ. ಅದೂ ಸಾಲದೇನೋ ಎಂಬ ಶಂಕೆಯಿದ್ದಲ್ಲಿ, ಮೂತ್ರಪಿಂಡಕ್ಕೆ ಅಪಾಯವುಂಟೆಂದು ಬಲ್ಲವನಾಗಿಯೂ, ಕೊಲಿಸ್ಟಿನ್ನಿಗೆ ಕೈಹಾಕುತ್ತಾನೆ. ಇದನ್ನು ಅವಿವೇಕವೆಂದು ಹಳಿಯುವುದು ಸುಲಭ. ಹಾಸಿಗೆಯ ಪಕ್ಕದಲ್ಲಿ ನಿಂತವನಿಗೆ ಬೇರೆ ದಾರಿ ತೋರದು.

ಔಷಧಿ ಕೊಡುವ ಮುನ್ನ ತೆಗೆದ ರಕ್ತ ಪೋಷಕದ್ರವದ ಬಾಟಲಿಯಲ್ಲಿ ಪ್ರಯೋಗಾಲಯಕ್ಕೆ ಹೋಗಿರುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾ ವೃದ್ಧಿಯಾಗಿ ಯಂತ್ರವು ಸೂಚನೆ ಕೊಡಲು ಸಾಮಾನ್ಯವಾಗಿ ಅರ್ಧ ದಿನ, ಒಂದು ದಿನ. ಅಗರ್ ತಟ್ಟೆಯ ಮೇಲೆ ಅದನ್ನು ಬೆಳೆಸಲು ಒಂದು ರಾತ್ರಿ. ಬೆಳೆದುದನ್ನು ಇನ್ನೊಂದು ತಟ್ಟೆಗೆ ಹರಡಿ, ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನಿಟ್ಟು, ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ವಲಯವನ್ನು ಮಿಲಿಮೀಟರುಗಳಲ್ಲಿ ಅಳೆಯಲು ಮಗುದೊಂದು ರಾತ್ರಿ. ಬಾವರ್, ಕರ್ಬಿ ಮೊದಲಾದವರು 1966ರಲ್ಲಿ ಕ್ರಮಬದ್ಧಗೊಳಿಸಿದ ಈ ವಿಧಾನ ಅಗ್ಗವೂ ಹೌದು, ನಂಬಲರ್ಹವೂ ಹೌದು. ಆದರೆ ವರದಿ ಕೈಸೇರುವ ವೇಳೆಗೆ ರೋಗಿಯ ಹಣೆಬರಹ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಈ ಅವಧಿಯನ್ನು ಕುಗ್ಗಿಸುವ ಉಪಾಯಗಳಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದುದು, ದುಬಾರಿ ಯಂತ್ರವೊಂದನ್ನೂ ಬೇಡದ, ಯುರೋಪಿನ ಯುಕಾಸ್ಟ್ ಸಮಿತಿ ರೂಪಿಸಿದ ಕ್ರಮ. ಅಲ್ಲಿ ನಡುವಿನ ಒಂದು ರಾತ್ರಿಯನ್ನೇ ಕೈಬಿಟ್ಟು, ಸೂಚನೆ ಕೊಟ್ಟ ಬಾಟಲಿಯಿಂದ ಎರಡು ಮೂರು ಹನಿಯಷ್ಟನ್ನು ನೇರವಾಗಿ ತಟ್ಟೆಗೆ ಹರಡಿ, ಅದೇ ಹಳೆಯ ಬಿಲ್ಲೆಗಳನ್ನಿಟ್ಟು, 4, 6 ಮತ್ತು 8 ಗಂಟೆಗಳಿಗೆ ವಲಯವನ್ನು ಅಳೆಯುತ್ತಾರೆ. ನಾಲ್ಕು ಗಂಟೆಗೆ ಕಾಣುವುದು ತೆಳು ಮಂಜಿನಂತಹ ಬೆಳವಣಿಗೆ ಮಾತ್ರ; ತಟ್ಟೆಯ ಮುಚ್ಚಳ ತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು, ಅಂಚು ಎಲ್ಲಿ ಮುಗಿಯಿತೆಂದು ಕಣ್ಣಿಟ್ಟು ನೋಡಬೇಕು. ಬ್ಯಾಕ್ಟೀರಿಯಾದ ಜಾತಿ ತಿಳಿದಿರದಿದ್ದರೆ ಆ ಅಳತೆಗೆ ಅರ್ಥವಿಲ್ಲ, ಏಕೆಂದರೆ ಜಾತಿಗೊಂದು, ಗಂಟೆಗೊಂದು ಮಿತಿ ನಿಗದಿಯಾಗಿದೆ. ಅಳತೆಯು ಸಂದೇಹದ ಎಡೆಯಲ್ಲಿ ಬಿದ್ದರೆ ಏನನ್ನೂ ವರದಿ ಮಾಡದೆ, ತಟ್ಟೆಯನ್ನು ಮತ್ತೆ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಎರಡು ಗಂಟೆ ಬಿಟ್ಟು ನೋಡತಕ್ಕದ್ದು.

ಪ್ರತಿರೋಧದ ಜೀನನ್ನೇ ಹುಡುಕುವ ಪರೀಕ್ಷೆಗಳು ಇನ್ನೂ ಶೀಘ್ರಗಾಮಿಗಳು. ಮೆರೊಪೆನೆಮ್‌ನಂತಹ ಔಷಧಿಗಳನ್ನು ನಿಷ್ಫಲಗೊಳಿಸುವ, ನವದೆಹಲಿಯ ಹೆಸರು ಹೊತ್ತು ನಮ್ಮವರ ಅಸಮಾಧಾನಕ್ಕೂ ಗುರಿಯಾದ, ಎನ್‌ಡಿಎಂ ಜೀನಿನ ಸುಳಿವು ಸುಮಾರು ಒಂದು ಗಂಟೆಯಲ್ಲೇ ದೊರೆಯಬಲ್ಲದು. ಆದರೆ ಜೀನು ಕಾಣದಿದ್ದ ಮಾತ್ರಕ್ಕೆ ಮದ್ದು ಫಲಿಸುವುದೆಂಬ ಭರವಸೆಯಿಲ್ಲ. ಔಷಧಿಯ ಪ್ರವೇಶದ್ವಾರವನ್ನು ಮುಚ್ಚಿಕೊಂಡೋ, ಒಳಬಂದುದನ್ನು ಹೊರದೂಡಿಯೋ ಬ್ಯಾಕ್ಟೀರಿಯಾ ಪಾರಾಗಬಲ್ಲದು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅತಿಸೂಕ್ಷ್ಮ ಕಾಲುವೆಗಳಲ್ಲಿ ಬಿಡಿ ಜೀವಕೋಶಗಳ ಬೆಳವಣಿಗೆಯನ್ನು ಸೂಕ್ಷ್ಮದರ್ಶಕದಲ್ಲಿ ಗಮನಿಸಿ, ಮದ್ದಿನ ಫಲವನ್ನು ಅರ್ಧ ಗಂಟೆಯೊಳಗೆ ತಿಳಿಯಬಹುದೆಂದು 2017ರಲ್ಲಿ ತೋರಿಸಿಕೊಟ್ಟರು. ಆ ತತ್ತ್ವದ ಮೇಲೆ ನಿರ್ಮಿತವಾದ ಉಪಕರಣಕ್ಕೆ 2024ರಲ್ಲಿ ಬ್ರಿಟನ್ನಿನ 80 ಲಕ್ಷ ಪೌಂಡಿನ ಲಾಂಜಿಟ್ಯೂಡ್ ಪ್ರಶಸ್ತಿ ಸಂದಿತು. ಅದು ಮೂತ್ರದ ಸೋಂಕಿಗೆ ಮೀಸಲಾದುದು. ಸೋಂಕಿದ ಮೂತ್ರದ ಒಂದು ಮಿಲಿಲೀಟರಿನಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾಗಳಿದ್ದರೆ, ನಂಜೇರಿದ ರಕ್ತದಲ್ಲಿ ಅನೇಕ ವೇಳೆ ಹತ್ತೂ ಇರವು. ಬಾಟಲಿಯಲ್ಲಿ ಬೆಳೆಸುವ ಆ ಮೊದಲ ಅವಧಿಯನ್ನು ನೀಗಿಕೊಳ್ಳುವುದು ಅದರಿಂದಲೇ ಕಠಿಣವಾಗಿದೆ.

ವೇಗವೊಂದೇ ಸಾಲದೆಂಬುದಕ್ಕೆ ಅಮೆರಿಕದ ಮೇಯೊ ಕ್ಲಿನಿಕ್‌ನಿಂದ 2015ರಲ್ಲಿ ಪ್ರಕಟವಾದ ಪ್ರಯೋಗ ಸಾಕ್ಷಿಯಾಗಿದೆ. ಅನಗತ್ಯವಾದ ಪ್ರಬಲ ಔಷಧಿಯಿಂದ ತಕ್ಕ ಮೃದು ಔಷಧಿಗೆ ಇಳಿಯಲು ಸಾಮಾನ್ಯ ಪರೀಕ್ಷೆಯ ಗುಂಪಿಗೆ ಹಿಡಿದುದು 34 ಗಂಟೆ. ಶೀಘ್ರ ಪರೀಕ್ಷೆಯ ಗುಂಪಿಗೆ, ಸೋಜಿಗವೆನಿಸಿದರೂ, 38 ಗಂಟೆ. ಅದೇ ಪರೀಕ್ಷೆಯ ಫಲವನ್ನು ತಜ್ಞರು ಹಗಲಿರುಳೂ ವೈದ್ಯರಿಗೆ ಮುಟ್ಟಿಸಿ ಸಲಹೆಯಿತ್ತ ಗುಂಪಿಗೆ 21 ಗಂಟೆ. ಸಾವಿನ ಪ್ರಮಾಣದಲ್ಲಿ ಮೂರಕ್ಕೂ ಗಮನಾರ್ಹ ಭೇದ ಕಂಡುಬರಲಿಲ್ಲ. ಚೇತರಿಸಿಕೊಳ್ಳುತ್ತಿರುವ ರೋಗಿಯ ಮದ್ದನ್ನು ತಗ್ಗಿಸುವ ಧೈರ್ಯ ಕಾಗದದ ವರದಿಯಿಂದ ಬಾರದು, ಬಲ್ಲವರೊಬ್ಬರ ಮಾತಿನಿಂದ ಬಂದೀತು. ರಾತ್ರಿಯ ಪಾಳಿಯಿಲ್ಲದ ಪ್ರಯೋಗಾಲಯದಲ್ಲಂತೂ, ಸಂಜೆ ಎಂಟಕ್ಕೆ ಸೂಚನೆ ಕೊಟ್ಟ ಬಾಟಲಿ ಬೆಳಗಿನವರೆಗೆ ಪೆಟ್ಟಿಗೆಯಲ್ಲೇ ಕುಳಿತಿರುತ್ತದೆ; ಆ ಹನ್ನೆರಡು ಗಂಟೆಗಳನ್ನು ಉಳಿಸಲು ಬೇಕಾದುದು ಹೊಸ ಯಂತ್ರವಲ್ಲ, ರಾತ್ರಿ ಎಚ್ಚರವಾಗಿರುವ ಒಬ್ಬ ತಂತ್ರಜ್ಞ.