ಹಲಗೂರಿನ ಕಿಟಕಿಯಲ್ಲಿ ಹೈಡ್ರಾ

ಭಾನುವಾರ ಬೆಳಿಗ್ಗೆ ಕನಕಪುರ, ಸಾತನೂರು ದಾಟಿ ಬಂದ ಕಾರುಗಳು ಹಲಗೂರಿನಲ್ಲಿ ಕಾಫಿಗೆ ನಿಲ್ಲುತ್ತವೆ. ಬಹುಪಾಲು ಮುತ್ತತ್ತಿಗೋ ಭೀಮೇಶ್ವರಿಗೋ ಹೊರಟವು. ಅಲ್ಲಿನ ಕಾವೇರಿಯಲ್ಲಿ ಬಿಳಿಮೀನು ಇದೆ. ಐವತ್ತು ಕಿಲೋ ತೂಗುವಷ್ಟು ಬೆಳೆಯಬಲ್ಲ ಮಹಶೀರ್ ಅದು. ಅದರ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ನಾನು ಹಲಗೂರಿನಲ್ಲಿ ಇಳಿದದ್ದು ಹೊಲಿಗೆ ದಾರದಷ್ಟು ದಪ್ಪದ, ಒಂದು ಸೆಂಟಿಮೀಟರ್ ಉದ್ದದ ಜೀವಿಯೊಂದನ್ನು ನೋಡಲು.

ಅದು ಇರುವುದು ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರ ಮನೆಯ ಉತ್ತರದ ಕಿಟಕಿಯಲ್ಲಿ, ಐದು ಲೀಟರಿನ ಗಾಜಿನ ಜಾಡಿಯೊಳಗೆ. ಹಿಂದೆ ಪೆಟ್ಟಿಗೆ ಅಂಗಡಿಗಳಲ್ಲಿ ಕಂಬರ್‌ಕಟ್ಟು, ಕಡಲೆಮಿಠಾಯಿ ತುಂಬಿಡುತ್ತಿದ್ದರಲ್ಲ, ಅಂಥ ಜಾಡಿ. "ನನ್ ಹೆಸ್ರು ಬೇಡ ಕಣಪ್ಪ, ಜಾಡಿ ಬಗ್ಗೆ ಬರಿ," ಎಂದು ಮೊದಲೇ ಹೇಳಿಬಿಟ್ಟರು. ತಳದಲ್ಲಿ ಎರಡು ಬೆರಳು ಮರಳು, ಮೂರು ಎಳೆ ಹೈಡ್ರಿಲ್ಲಾ, ಗೋಡೆಗೆ ಅಂಟಿ ತೆವಳುವ ನಾಲ್ಕು ಪುಟ್ಟ ಬಸವನಹುಳು. ಬೆಳಕಿಗೆ ಹಿಡಿದರೆ ನೀರಿನ ತುಂಬ ಕುಪ್ಪಳಿಸುವ ಚುಕ್ಕಿಗಳು. ಅವು ನೀರಚಿಗಟಗಳು, ಹೆಸರಿಗೆ ಚಿಗಟ, ಹತ್ತಿರದ ನೆಂಟಸ್ತಿಕೆ ಸೀಗಡಿ ಕುಲದ ಜೊತೆ.

"ಅಲ್ ನೋಡು, ಕಿಟಕಿ ಕಡೆ ಗಾಜ್ನಲ್ಲಿ," ಎಂದು ಭೂತಗನ್ನಡಿ ಕೊಟ್ಟರು.

ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಗಾಜಿಗೆ ಬುಡ ಅಂಟಿಸಿಕೊಂಡು ನಿಂತ ಕಂದು ಬಣ್ಣದ ಎಳೆ, ತುದಿಯಲ್ಲಿ ಆರು ಕೂದಲುಗಳು. ಒಂದು ನೀರಚಿಗಟ ಕುಪ್ಪಳಿಸುತ್ತ ಬಂದು ಆ ಕೂದಲಿಗೆ ತಾಗಿತು. ತಾಗಿದ್ದೇ ತಡ, ನಿಂತುಹೋಯಿತು. ಕೂದಲುಗಳು ಒಂದೊಂದಾಗಿ ಬಾಗಿದವು, ಎಳೆಯ ಬಾಯಿ ತೆರೆಯಿತು, ತನಗಿಂತ ದಪ್ಪದ ಬೇಟೆಯನ್ನು ಹೊಟ್ಟೆಗೆ ಇಳಿಸಿಕೊಂಡಿತು. ಕಾಲು ಗಂಟೆ ಉಸಿರು ಬಿಗಿಹಿಡಿದು ನೋಡಿದೆ. ಪರೀಕ್ಷೆಯಲ್ಲಿ ಎಷ್ಟೋ ಸಲ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದ ಹೈಡ್ರಾವನ್ನು ಜೀವಂತ ಕಂಡದ್ದು ಅದೇ ಮೊದಲು.

ಮೇಷ್ಟ್ರು ಆಗ ಹೇಳಿದ್ದು ಇನ್ನೊಬ್ಬ ಮೇಷ್ಟ್ರ ಕಥೆ. ಅಬ್ರಹಾಂ ಟ್ರೆಂಬ್ಲೆ ಹಾಲೆಂಡಿನ ಶ್ರೀಮಂತರೊಬ್ಬರ ಮನೆಯಲ್ಲಿ ಇಬ್ಬರು ಹುಡುಗರಿಗೆ ಪಾಠ ಹೇಳುತ್ತಿದ್ದವನು. 1740ರಲ್ಲಿ ಹಳ್ಳದ ನೀರು, ಪಾಚಿ ತಂದು ಗಾಜಿನ ಪಾತ್ರೆಯಲ್ಲಿಟ್ಟು ಕಿಟಕಿಯಲ್ಲಿ ಇರಿಸಿದ. ಹಸಿರು ಎಳೆಗಳು ಕಂಡವು. ಗಿಡವೋ ಪ್ರಾಣಿಯೋ? ಪಾತ್ರೆ ತಿರುಗಿಸಿಟ್ಟರೆ ಮತ್ತೆ ಬೆಳಕಿನ ಕಡೆಗೇ ನಡೆದು ಬರುತ್ತಿದ್ದವು. ಕತ್ತರಿಸಿದರೆ ಚಿಗುರುವುದಾದರೆ ಗಿಡ ಎಂದುಕೊಂಡು ನವೆಂಬರ್ 25ರಂದು ಒಂದನ್ನು ಅಡ್ಡಕ್ಕೆ ಕತ್ತರಿಸಿದ. ಕೆಲವು ದಿನಗಳಲ್ಲಿ ಎರಡು ತುಂಡೂ ಎರಡು ಪೂರ್ಣ ಜೀವಿಗಳಾಗಿ ಬೇಟೆಯಾಡತೊಡಗಿದವು. ತಲೆಯನ್ನು ಉದ್ದಕ್ಕೆ ಸೀಳಿ ಸೀಳಿ ಏಳು ತಲೆಯದನ್ನೂ ಮಾಡಿದ. ಗ್ರೀಕ್ ಪುರಾಣದ ಬಹುತಲೆಯ ಸರ್ಪದ ಹೆಸರು ಇದಕ್ಕೆ ಅಂಟಿತು. 1744ರಲ್ಲಿ ಅವನ ಪುಸ್ತಕ ಬಂತು. 1998ರಲ್ಲಿ ಡೇನಿಯಲ್ ಮಾರ್ಟಿನೆಜ್ ಎಂಬ ವಿಜ್ಞಾನಿ ನಾಲ್ಕು ವರ್ಷ ಹೈಡ್ರಾ ಸಾಕಿ, ಅವಕ್ಕೆ ಮುಪ್ಪಿನ ಲಕ್ಷಣವೇ ಕಾಣಲಿಲ್ಲವೆಂದು ಬರೆದರು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲೂ ಈ ಜೀವಿಯ ಮೇಲೆ ಬಹುಕಾಲದಿಂದ ಕೆಲಸ ನಡೆದಿದೆ.

"ಟ್ರೆಂಬ್ಲೆಗೂ ಇದ್ದದ್ದು ಪಾತ್ರೆ, ಕಿಟಕಿ, ಇಬ್ರು ಹುಡುಗ್ರು. ನಂಗೆ ಒಂದೊಂದ್ ಕ್ಲಾಸಲ್ಲಿ ಅರವತ್ತ್ ಹುಡುಗ್ರಿದ್ರು," ಎಂದರು. ಅವರಲ್ಲಿ ಪ್ರತಿಯೊಬ್ಬರಿಗೂ ಸರದಿಯಲ್ಲಿ ಭೂತಗನ್ನಡಿ ಕೊಟ್ಟದ್ದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಜಾಡಿ ಕಟ್ಟುವುದು ಸುಲಭ, ಕಾಯುವುದೇ ಕಷ್ಟ. ಸೋಪು ತಾಗಿಸದೆ ತೊಳೆದ ಜಾಡಿಗೆ ಮರಳು, ಕೆರೆಯ ನೀರು, ಗಿಡ ಹಾಕಿ ಹದಿನೈದು ದಿನ ಸುಮ್ಮನೆ ಬಿಡಬೇಕು. ಕೊಳೆತದ್ದರಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಮರಳಲ್ಲಿ ನೆಲೆಯಾಗಲು ಅಷ್ಟಾದರೂ ದಿನ ಬೇಕು. ಹೈಡ್ರಾವನ್ನು ಯಾರೂ ಹಿಡಿದು ತರುವುದಿಲ್ಲ. ಕೆರೆಯ ಅಂಚಿನ ಗಿಡದ ಎಲೆಯಡಿ ಅದು ಮುದುಡಿ ಕೂತಿರುತ್ತದೆ. ನೀರು ನಿಶ್ಚಲವಾದ ಮೇಲೆ ತಾನಾಗಿ ಗಾಜಿಗೆ ಬರುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಬೇಕು. ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಲೇಬೇಕು, ಡೆಂಗಿ ಕಾಲದಲ್ಲಿ ಅದು ನೆರೆಹೊರೆಗೆ ತೋರಿಸುವ ಮರ್ಯಾದೆ.

ಒಂದು ಎಚ್ಚರಿಕೆಯನ್ನು ಅವರು ಎರಡು ಸಲ ಹೇಳಿದರು. ತಾಮ್ರದ ಬಿಂದಿಗೆಯ ನೀರು ಹಾಕಬೇಡಿ. ನಮಗೆ ಒಳ್ಳೆಯದೆನ್ನುವ ಆ ತಾಮ್ರ ನೀರಚಿಗಟಕ್ಕೆ, ಬಸವನಹುಳುವಿಗೆ, ಹೈಡ್ರಾಕ್ಕೆ ವಿಷ. ತೋಟಕ್ಕೆ ಹೊಡೆಯುವ ಮೈಲುತುತ್ತದಲ್ಲಿರುವುದೂ ಅದೇ.

ಮೀನು ಯಾಕಿಲ್ಲ ಎಂದು ಕೇಳಿದೆ. "ಐದ್ ಲೀಟ್ರಲ್ಲಿ ಮೀನ್ ಬಿಡ್ಬಾರ್ದು ಕಣಪ್ಪ. ಬ್ಯಾಸಿಗೇಲಿ ಉಸ್ರು ಸಾಲಲ್ಲ ಅದ್ಕೆ." ನಿಜ. 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ. ದುಂಡನೆಯ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಇಟ್ಟು ಮಕ್ಕಳಿಗೆ ಉಡುಗೊರೆ ಕೊಡುವ ಅಭ್ಯಾಸ ನಿಲ್ಲಬೇಕೆಂಬ ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ.

ಮೀನಿನ ವಿಷಯದಲ್ಲಿ ಅವರಿಗೆ ಇನ್ನೂ ಒಂದು ನೋವು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ ಸೀಮೆಗೆ ನೀರಿನ ಜೊತೆ ಮಲೇರಿಯಾವನ್ನೂ ತಂದ ಕಾಲವಿತ್ತು. ಸೊಳ್ಳೆಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ಗ್ಯಾಂಬೂಸಿಯಾ ಮೀನು ಭಾರತಕ್ಕೆ ಬಂತು. ಅದು ಸೊಳ್ಳೆಮರಿಯ ಜೊತೆ ನೀರಚಿಗಟವನ್ನೂ ತಿನ್ನುತ್ತದೆ, ನಾಡಮೀನುಗಳ ಬಾಲವನ್ನೂ ಕಚ್ಚುತ್ತದೆ. ಹಣೆಯ ಮೇಲೆ ಬೆಳ್ಳಿ ಬೊಟ್ಟಿಟ್ಟಂತೆ ಹೊಳೆಯುವ ನಮ್ಮದೇ ಪ್ಯಾಂಚಾಕ್ಸ್ ಮೀನು ಸೊಳ್ಳೆಮರಿಗೆ ಸಾಕಾಗಿತ್ತು ಎನ್ನುತ್ತಾರೆ ಮೇಷ್ಟ್ರು.

ಹೊಲಗದ್ದೆಗೆ ಹೊಡೆದು ಕೆರೆಗೆ ಇಳಿದುಬರುವ ಔಷಧಿಯ ಮಾತೂ ಬಂತು. ನೀರಚಿಗಟ ಎಷ್ಟು ನಾಜೂಕೆಂದರೆ, ಪ್ರಯೋಗಾಲಯಗಳಲ್ಲಿ ನೀರಿನ ವಿಷ ಅಳೆಯಲು 48 ಗಂಟೆ ಅದನ್ನೇ ಬಿಟ್ಟು ನೋಡುತ್ತಾರೆ. ಮೇಷ್ಟ್ರಿಗೆ ಈಚೆಗೆ ಮೂರು ಸಲ ಗಿಡ ತಂದರೆ ಒಂದು ಸಲ ಹೈಡ್ರಾ ಸಿಗುತ್ತದೆ. ಮಂಡಿನೋವಿನಿಂದ ಕೆರೆ ಏರಿ ಇಳಿಯಲಾಗದೆ ಪಕ್ಕದ ಮನೆಯ ಹುಡುಗನನ್ನು ಕಳಿಸುತ್ತಾರೆ.

ನಾನು ಹೋದದ್ದು ಸಂಕ್ರಾಂತಿ ಕಳೆದ ವಾರ, ನೀರು ತಣ್ಣಗಿದ್ದಾಗ. ಸೆಕೆ ಹೈಡ್ರಾಕ್ಕೆ ಆಗದು. ಶಿವರಾತ್ರಿ ಮುಗಿದ ಮೇಲೆ ಫೋನ್ ಮಾಡಿದೆ.

"ಹೋದ್ವು ಕಣಪ್ಪ," ಎಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕಾಲ ಕೆಟ್ಟಾಗ ಹೈಡ್ರಾ ಗಟ್ಟಿ ಚಿಪ್ಪಿನ ಮೊಟ್ಟೆ ಬಿಡುವುದುಂಟು. ಬಿದ್ದಿದ್ದರೆ ಇರಲಿ ಎಂದು ಅವರು ನೀರು ಚೆಲ್ಲಿಲ್ಲ, ಮರಳು ಕದಡಿಲ್ಲ. ಕಾರ್ತಿಕದವರೆಗೂ ಜಾಡಿ ಅದೇ ಕಿಟಕಿಯಲ್ಲಿ ಇರುತ್ತದಂತೆ.